ಬದನೆಕಾಯಿಯನ್ನು ಪರೀಕ್ಷಿಸಿದವರು ಯಾರು?



ಈಗಷ್ಟೇ ವಾಂಗೀಬಾತ್ ಮುಗಿಸಿ ಕುಳಿತವರ ಮುಂದೆ ಬದನೆಕಾಯಿಯ ಜಾತಕ ಬಿಚ್ಚುವುದು ಅನ್ಯಾಯವೇ, ಕ್ಷಮಿಸಿ!

ಕುಲಾಂತರಿ ಆಹಾರ ವಿಷವೇ ಎಂದು ಹಲವರು ಕೇಳುತ್ತಾರೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಇಂಥ ಬೆಳೆಗಳನ್ನು ತಿಂದು ಹೆಚ್ಚಿನ ಅಪಾಯವಾದ ಪುರಾವೆ ಇಲ್ಲ ಎಂದು ಅಮೆರಿಕದ ವಿಜ್ಞಾನ ಅಕಾಡೆಮಿಗಳ 2016ರ ವರದಿ ಹೇಳಿದೆ. ಇದನ್ನು ಮುಚ್ಚಿಟ್ಟು ನಾವು ಹೋರಾಟ ಮಾಡಬಾರದು. ಆದರೆ ಹಳೆಯ ತಳಿ ಪಾಸಾದ ಮಾತ್ರಕ್ಕೆ ಹೊಸತೂ ಪಾಸಾಗುವುದಿಲ್ಲ.

ಸೋಯಾದ ಪೌಷ್ಟಿಕತೆ ಹೆಚ್ಚಿಸಲು ಒಮ್ಮೆ ಬ್ರೆಜಿಲ್ ನಟ್‌ನ ಜೀನ್ ಸೇರಿಸಿದರು. ಆ ನಟ್‌ನ ಅಲರ್ಜಿ ಇದ್ದವರ ರಕ್ತದೊಡನೆ ಪರೀಕ್ಷಿಸಿದಾಗ ಅಲರ್ಜಿಯೂ ಸೋಯಾಕ್ಕೆ ದಾಟಿದ್ದು ಗೊತ್ತಾಯಿತು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು, ಆ ಸೋಯಾ ಅಂಗಡಿಗೆ ಬರಲೇ ಇಲ್ಲ. ಪರೀಕ್ಷೆ ಎಂದರೆ ಹೀಗಿರಬೇಕು.

2000ರಲ್ಲಿ ಅಮೆರಿಕದಲ್ಲಿ ನಡೆದದ್ದೇ ಬೇರೆ. ಪಶು ಆಹಾರಕ್ಕೆ ಮಾತ್ರ ಒಪ್ಪಿಗೆ ಇದ್ದ ಸ್ಟಾರ್‌ಲಿಂಕ್ ಮೆಕ್ಕೆಜೋಳ ಟಾಕೋ ಶೆಲ್‌ಗಳಲ್ಲಿ ಸಿಕ್ಕಿತು. ತಮಗೆ ಅಲರ್ಜಿಯಾಯಿತು ಎಂದವರ ರಕ್ತದಲ್ಲಿ ಸಿಡಿಸಿಗೆ ಅದರ ಪುರಾವೆ ಸಿಗಲಿಲ್ಲ, ನಿಜ. ಆದರೆ ಬೆರಕೆಯನ್ನು ಮೊದಲು ಪತ್ತೆ ಮಾಡಿದ್ದು ಸರ್ಕಾರವಲ್ಲ, ನಮ್ಮಂಥ ಸಂಘಟನೆಗಳು ಮಾಡಿಸಿದ ಲ್ಯಾಬ್ ಟೆಸ್ಟ್.

ಈಗ ನಮ್ಮೂರಿಗೆ ಬರೋಣ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಮಾಡಹೊರಟ ಬದನೆ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಇಲಿಗಳಿಗೆ 90 ದಿನ ತಿನ್ನಿಸಿ ನೋಡಿದ ವರದಿ ಬಂದದ್ದು ಬೀಜ ಮಾರುವ ಕಂಪನಿಯ ಕಡೆಯಿಂದಲೇ. ಜೀವನಪೂರ್ತಿ ಹುಳಿ, ಪಲ್ಯ ಎಂದು ತಿನ್ನುವವರಿಗೆ 90 ದಿನದ ಲೆಕ್ಕ ಸಾಕೇ? ಆ ದಾಖಲೆ 2008ರಲ್ಲಿ ಹೊರಬರಲು ಮಾಹಿತಿ ಹಕ್ಕಿನ ಅರ್ಜಿ, ಸುಪ್ರೀಂ ಕೋರ್ಟು ಎಲ್ಲ ಬೇಕಾಯಿತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಹಸಿರು ನಿಶಾನೆ ತೋರಿಸಿತು. 2010ರ ಫೆಬ್ರವರಿ 6ರಂದು ಸಚಿವ ಜೈರಾಮ್ ರಮೇಶ್ ಬೆಂಗಳೂರಿನಲ್ಲಿ ಸಾರ್ವಜನಿಕರ ಅಹವಾಲು ಕೇಳಿ, 9ರಂದು ತಡೆ ಹಾಕಿದರು. ಸ್ವತಂತ್ರ ಪರೀಕ್ಷೆಯ ಕೊರತೆಯೂ ಅವರು ಕೊಟ್ಟ ಕಾರಣಗಳಲ್ಲಿತ್ತು. ಬಾಂಗ್ಲಾದೇಶದ ರೈತರು 2014ರಿಂದಲೇ ಬೆಳೆಯುತ್ತಿದ್ದಾರೆ.

ಈಗ ಸಾಸಿವೆಯ ಸರದಿ. 2022ರಲ್ಲಿ ಒಪ್ಪಿಗೆ ಸಿಕ್ಕ ಕುಲಾಂತರಿ ಸಾಸಿವೆಯ ಬಗ್ಗೆ 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಒಗ್ಗರಣೆಯಿಲ್ಲದೆ ನಮಗೆ ಅಡುಗೆಯೇ ಇಲ್ಲ, ಅಲ್ಲವೇ?

ಈ ಸಭೆಯಲ್ಲಿ ಔಷಧ ಕಂಪನಿಗಳಲ್ಲಿ ಕ್ಲಿನಿಕಲ್ ಟ್ರಯಲ್ ಅಂಕಿಅಂಶ ಜಾಲಾಡುವವರು, ಟಾಕ್ಸಿಕಾಲಜಿ ಓದಿದವರು ಕುಳಿತಿದ್ದೀರಿ. ಊರಿನ ರೈತ ಸಂಘಟನೆಗಳಿಗೆ ಬೇಕಿರುವುದು ನಮ್ಮ ಡಾಲರ್‌ಗಿಂತ ಈ ವಿದ್ಯೆ. ಬದನೆಯ ದಾಖಲೆ ತಂದಿದ್ದೇನೆ. ಓದಿ ಕೊಡುವವರು ಕಾಫಿ ಹೊತ್ತಿಗೆ ದಯವಿಟ್ಟು ಹೆಸರು ಬರೆಸಿ.