ಮಣ್ಣು ಕೊಟ್ಟ ಬಣ್ಣ, ವಂಶ ಕೊಟ್ಟ ಬಣ್ಣ



ಈ ನಾಡಿನ ಕೈತೋಟಗಳಲ್ಲಿ ಆಷಾಢ ಶ್ರಾವಣಗಳ ಹೊತ್ತಿಗೆ ಚೆಂಡುಚೆಂಡಾಗಿ ಅರಳುವ ಹೈಡ್ರೇಂಜಿಯವನ್ನು ತಾವೆಲ್ಲರೂ ಬಲ್ಲಿರಿ. ನಮ್ಮ ತಾಯಿಯವರು ಲೀಡ್ಸ್‌ನ ಮನೆಯಂಗಳದಲ್ಲಿ ಅದರ ಎರಡು ಪೊದೆಗಳನ್ನು ಬೆಳೆಸಿದ್ದರು: ಒಂದು ನೀಲಿ, ಇನ್ನೊಂದು ಬಿಳಿ. ಗೌರಿಹಬ್ಬಕ್ಕೆ ಪ್ರತಿವರ್ಷವೂ ಆ ಹೂಗಳೇ. ಅವರು ತೀರಿಕೊಂಡ ಬಳಿಕ ಮನೆಯನ್ನು ಮಾರಬೇಕಾಯಿತು. ಎರಡರ ರೆಂಬೆಗಳನ್ನೂ ಕತ್ತರಿಸಿ ತಂದು ಬರ್ಮಿಂಗ್‌ಹ್ಯಾಮ್‌ನ ನಮ್ಮ ಮನೆಯ ಗೋಡೆಯ ಬದಿಯಲ್ಲಿ ನೆಟ್ಟೆವು. ಮೂರನೆಯ ವರ್ಷ ಬಿಳಿಯದು ಬಿಳಿಯಾಗಿಯೇ ಅರಳಿತು. ನೀಲಿಯದು ಗುಲಾಬಿ ಬಣ್ಣ ತಾಳಿತು. ತಾಯಿಯವರ ಗಿಡವನ್ನೇ ಕಳೆದುಕೊಂಡೆವೆಂದು ನಾವು ನೊಂದೆವು. ಒಂದು ಬದಲಾಗಿ, ಇನ್ನೊಂದು ಬದಲಾಗದೆ ಉಳಿದದ್ದೇಕೆ? ಇದೇ ಇಂದಿನ ವಿಷಯ.

ಹೂಗಳ ಕೆಂಪು, ನೇರಳೆ, ನೀಲಿ ಬಣ್ಣಗಳು ಬಹುಮಟ್ಟಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳಿಂದ ಬರುತ್ತವೆ. ಇವುಗಳ ರಚನೆಯನ್ನು ಅರಿಯಲು ಶ್ರಮಿಸಿದ ಪ್ರಮುಖರಲ್ಲಿ ಸರ್ ರಾಬರ್ಟ್ ರಾಬಿನ್ಸನ್ ಒಬ್ಬರು. 1922ರಿಂದ 1928ರವರೆಗೆ ಮ್ಯಾಂಚೆಸ್ಟರ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಇವರು ಸಸ್ಯಜನ್ಯ ದ್ರವ್ಯಗಳ ಸಂಶೋಧನೆಗಾಗಿ 1947ರಲ್ಲಿ ನೊಬೆಲ್ ಪುರಸ್ಕಾರ ಪಡೆದರು.

ಹೈಡ್ರೇಂಜಿಯದ ನೀಲಿಗೂ ಗುಲಾಬಿಗೂ ಮೂಲ ಒಂದೇ: ಡೆಲ್ಫಿನಿಡಿನ್ ವರ್ಗದ ವರ್ಣದ್ರವ್ಯ. ಮಣ್ಣು ಆಮ್ಲೀಯವಾಗಿದ್ದರೆ, ಎಂದರೆ ಪಿ.ಎಚ್. ಸುಮಾರು 5.5ಕ್ಕಿಂತ ಕಡಿಮೆಯಿದ್ದರೆ, ಅದರಲ್ಲಿನ ಅಲ್ಯೂಮಿನಿಯಂ ಕರಗಿ ಬೇರಿನ ಮೂಲಕ ಹೂವನ್ನು ಸೇರುತ್ತದೆ; ವರ್ಣದ್ರವ್ಯದೊಡನೆ ಕೂಡಿ ನೀಲಿಯಾಗುತ್ತದೆ. ಸುಣ್ಣದ ಅಂಶ ಹೆಚ್ಚಿದರೆ ಅಲ್ಯೂಮಿನಿಯಂ ಕರಗದು. ಹೂ ಗುಲಾಬಿಯಾಗಿಯೇ ಉಳಿಯುತ್ತದೆ. ಗೋಡೆಯ ಗಾರೆಯಿಂದ ಇಳಿಯುವ ಸುಣ್ಣವೂ ಇದಕ್ಕೆ ಸಾಕು.

ಹಾಗಾದರೆ ಬಿಳಿಯದು? ವರ್ಣದ್ರವ್ಯವು ಹಂತಹಂತವಾಗಿ ಸಿದ್ಧವಾಗುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ವಂಶವಾಹಿಯ ನೆರವು ಬೇಕು. ಎಲ್ಲಿಯೋ ಒಂದು ಕೊಂಡಿ ತಪ್ಪಿದರೆ ಬಣ್ಣವೇ ಇಲ್ಲ. ಯಾರ್ಕ್‌ಷೈರಿನ ವಿಟ್ಬಿಯಲ್ಲಿ 1861ರಲ್ಲಿ ಜನಿಸಿದ, ತಳಿವಿಜ್ಞಾನಕ್ಕೆ ಇಂಗ್ಲಿಷ್ ಹೆಸರನ್ನಿತ್ತ ವಿಲಿಯಂ ಬೇಟ್ಸನ್ನರು ಸ್ವೀಟ್ ಪೀ ಗಿಡಗಳಲ್ಲಿ ಇದರ ಸುಳಿವನ್ನು ಕಂಡರು: ಎರಡು ಬಿಳಿ ತಳಿಗಳನ್ನು ಕೂಡಿಸಿದಾಗ ನೇರಳೆ ಹೂ ಬಂದಿತು. ಒಂದರ ಕೊರತೆಯನ್ನು ಇನ್ನೊಂದು ತುಂಬಿತ್ತು. ಬಿಳಿ ಹೈಡ್ರೇಂಜಿಯದಲ್ಲಿ ಕೂಡಲು ವರ್ಣದ್ರವ್ಯವೇ ಇಲ್ಲದಿರುವಾಗ ಮಣ್ಣಿನ ಅಲ್ಯೂಮಿನಿಯಂ ಏನು ಮಾಡೀತು? ಬಣ್ಣದ ತಳಿಗಳಲ್ಲಿಯೂ ಭೇದವುಂಟು: ಕೆಲವು ಸುಲಭವಾಗಿ ನೀಲಿಯಾಗುತ್ತವೆ, ಕಡುಗೆಂಪಿನವು ನೇರಳೆಯಲ್ಲಿಯೇ ನಿಲ್ಲುತ್ತವೆ. ಮಣ್ಣಿಗೆ ಎಷ್ಟು ಮಣಿಯಬೇಕೆಂಬುದನ್ನೂ ವಂಶವೇ ನಿರ್ಧರಿಸುತ್ತದೆ.

ಬೀಜದಲ್ಲಿ ವಂಶವಾಹಿಗಳು ಹೊಸದಾಗಿ ಬೆರೆಯುತ್ತವೆ. ರೆಂಬೆಯಲ್ಲಿ ತಾಯಿಗಿಡದವೇ ಮುಂದುವರಿಯುತ್ತವೆ. ನಮ್ಮೂರುಗಳಲ್ಲಿ ದಾಸವಾಳದ ಕಡ್ಡಿಯನ್ನು ನೆರೆಮನೆಯಿಂದ ತಂದು ನೆಡುತ್ತಿದ್ದ ಹಿರಿಯರು ಇದನ್ನು ಅನುಭವದಿಂದಲೇ ಬಲ್ಲವರಾಗಿದ್ದರು.

ಆದ್ದರಿಂದ ನಾವು ಕಳೆದುಕೊಂಡದ್ದು ಏನೂ ಇರಲಿಲ್ಲ. ಗೋಡೆಯ ಬದಿಯ ಗಿಡವನ್ನು ಹಾಗೆಯೇ ಬಿಟ್ಟು, ಅದರ ಒಂದು ರೆಂಬೆಯನ್ನು ಕುಂಡದ ಆಮ್ಲೀಯ ಮಣ್ಣಿನಲ್ಲಿ ನೆಟ್ಟು, ಮಳೆನೀರನ್ನೇ ಹಾಕಿ, ಅಲ್ಯೂಮಿನಿಯಂ ಸಲ್ಫೇಟನ್ನು ಮಿತವಾಗಿ ಕೊಟ್ಟೆವು. ಅದು ನೀಲಿಯಾಗಿ ಅರಳಿತು. ಈಗ ಗೌರಿಗೆ ಮೂರು ಬಣ್ಣದ ಹೂಗಳನ್ನು ಏರಿಸುತ್ತೇವೆ. ಅವುಗಳಲ್ಲಿ ಎರಡು ಒಂದೇ ಗಿಡದವೆಂದು ಮಕ್ಕಳಿಗೆ ತೋರಿಸಿ ಹೇಳುತ್ತೇವೆ.