ನೋವಿಲ್ಲ ಅಂತ ಸುಮ್ನಿರಬೇಡಿ
ನಮ್ಮ ಉಚ್ಚಂಗಿದುರ್ಗದ ಕಡೆ ಬಾಯಲ್ಲಿ ಹುಣ್ಣಾದ್ರೆ ‘ಉಷ್ಣ’ ಅಂತೀವಿ. ಎದೆಯಲ್ಲಿ ಗಂಟು ಸಿಕ್ಕರೆ ‘ನೋವಿಲ್ವಲ್ಲ, ಮೆಕ್ಕೆಜೋಳ ಮುರಿಯೋದು ಮುಗೀಲಿ’ ಅಂತೀವಿ. ಮೋಸ ಇರೋದೇ ಅಲ್ಲಿ. ಶುರುವಿನಲ್ಲಿ ಕ್ಯಾನ್ಸರ್ ಬಹಳ ಸಲ ನೋಯೋದೇ ಇಲ್ಲ. ನೋವು ಬರಲಿ ಅಂತ ಕಾಯೋದೇ ತಡ.

ಇನ್ನೊಂದು, ದುಡ್ಡಿನ ಲೆಕ್ಕ. ನಾನು ಕಾಮರ್ಸ್ ಓದಿದವನು, ಅದಕ್ಕೇ ಇದು ಕಣ್ಣಿಗೆ ಬೀಳುತ್ತೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಹೆಂಗಸರಿಗೆ ಸರ್ಕಾರಿ ಬಸ್ಸೂ ಫ್ರೀ. ಆದ್ರೆ ಬೆಂಗಳೂರಿನ ಕಿದ್ವಾಯಿಗೆ ಹೋದ್ರೆ ಇಬ್ಬರ ಕೂಲಿ ಹೋಗುತ್ತೆ, ಊಟ, ಉಳಿಯೋ ಖರ್ಚು ಬೇರೆ. ಮನೆಯವರು ಹಿಂಜರಿಯೋದು ಇದಕ್ಕೇ.

ಆಮೇಲೆ ಭಯ. ‘ತುಂಡು ತೆಗೆದ್ರೆ ಹರಡುತ್ತೆ’ ಅಂತ ಬಯಾಪ್ಸಿಗೆ ಒಪ್ಪಲ್ಲ. ಆ ಮಾತು ನಂಬಬೇಡಿ. ಯಾವ ಕ್ಯಾನ್ಸರ್, ಯಾವ ಚಿಕಿತ್ಸೆ ಅಂತ ಗೊತ್ತಾಗೋದೇ ಆ ಪರೀಕ್ಷೆಯಿಂದ.

ಮೊದಲ ಹೆಜ್ಜೆಗೆ ಬೆಂಗಳೂರು ಬೇಕಿಲ್ಲ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಹೊಸ ಗಂಟು, ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ ಕಾಯಬೇಡಿ. ಅವ್ವ ತಾನಾಗಿ ಹೇಳಲ್ಲ. ನೀವೇ ಕೇಳಿ, ಗಾಡಿ ಮೇಲೆ ಕೂರಿಸ್ಕೊಂಡು ಹೋಗಿ.