ಶುಂಠಿ ಗದ್ದೆಯ ಬಾಕಿ



ಊರಿನ ಗದ್ದೆಯನ್ನು ಶುಂಠಿಗೆ ಲೀಸ್ ಕೊಟ್ಟವರು ಈ ಸಭೆಯಲ್ಲೂ ಇದ್ದೀರಿ. ಹಾಸನ, ಶಿವಮೊಗ್ಗ, ಕೊಡಗಿನಲ್ಲಿ ಇದು ಮಾಮೂಲು. ಹಣ ಖಾತೆಗೆ ಬರುತ್ತದೆ, ಬೆಳೆದವರು ಗಡ್ಡೆ ಕಿತ್ತು ಬೇರೆ ಜಮೀನಿಗೆ ಹೋಗುತ್ತಾರೆ. ಗಡ್ಡೆ ಕೊಳೆಸುವ ಪಿಥಿಯಂ, ಸೊರಗು ರೋಗದ ರಾಲ್ಸ್ಟೋನಿಯಾ ಬ್ಯಾಕ್ಟೀರಿಯಾ ಬಂದಿದ್ದರೆ ಮಣ್ಣಲ್ಲೇ ಉಳಿಯುತ್ತವೆ. ಲೆಕ್ಕಪರಿಶೋಧಕನ ಕಣ್ಣಿಗೆ ಅದು ಪುಸ್ತಕದಲ್ಲಿ ಬರೆಯದ ಸಾಲ.

ಕೊಳೆರೋಗಕ್ಕೆ ಔಷಧಿ ಸುರಿಯದೆಯೂ ದಾರಿಯಿದೆ. ಮಡಿ ಮಾಡಿ, ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಬೇಸಿಗೆಯ ಬಿಸಿಲಿಗೆ ಸುಮಾರು 40 ದಿನ ಬಿಡುವುದು. ಕಪ್ಪು ಹಾಳೆ ಬೇಡ, ಬಿಸಿಲು ಒಳಗಿಳಿಯಬೇಕು. ಆಮೇಲೆ ಬೇವಿನ ಹಿಂಡಿ, ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ. ಮಳೆನೀರು ನಿಲ್ಲದಂತೆ ಬಸಿಗಾಲುವೆ. ಸೊರಗು ರೋಗ ಇಷ್ಟಕ್ಕೇ ಬಗ್ಗುವುದಿಲ್ಲ. ಅದಕ್ಕೆ ರೋಗ ಕಾಣದ ಹೊಲದ ಬಿತ್ತನೆ ಗಡ್ಡೆಯೇ ಬೇಕು. ಮುಂದೆ ಕೆಲವು ವರ್ಷ ಅಲ್ಲಿ ಶುಂಠಿಯೂ ಬೇಡ, ಟೊಮೆಟೊ, ಬದನೆ, ಮೆಣಸಿನಕಾಯಿಯೂ ಬೇಡ. ಭತ್ತ, ಮುಸುಕಿನ ಜೋಳ ಆದೀತು.

ಈ ಖರ್ಚಿನ ಬಹುಪಾಲು ನಾಟಿಗೆ ಮೊದಲೇ ಬೀಳುತ್ತದೆ. ಒಂದೇ ವರ್ಷಕ್ಕೆ ಬಂದವರು ಏಕೆ ಮಾಡಿಯಾರು? ಹಾಗಾಗಿ ಕರಾರಿನಲ್ಲೇ ಬರೆಸಿ, ಹಾಳೆಯ ದುಡ್ಡನ್ನು ಲೀಸ್ ಹಣದಲ್ಲಿ ಬಿಟ್ಟುಕೊಡಿ. ನಾಟಿ ಏಪ್ರಿಲ್‌ನಲ್ಲಾದರೆ ಹಾಳೆ ಫೆಬ್ರವರಿ ಕೊನೆಗೇ ಹಾಸಿರಬೇಕು. ಊರಿಗೆ ಫೋನ್ ಜನವರಿಯಲ್ಲೇ ಹೋಗಲಿ.